ಅಪ್ಪನ ಮೀಸೆಯ ಅಗರು

ಮೂಗನ್ನು ಬಾಡಿಗೆಗೆ ಕೊಟ್ಟು ಬದುಕುವವಳು ನಾನು. ಗಿಂಡಿ ಎಂಬ ಬಡಾವಣೆಯ ಒಂದು ಸುಗಂಧದ ಕಂಪನಿಯಲ್ಲಿ ಕೆಲಸ. ಸೋಪು, ಊದುಬತ್ತಿ, ತಲೆಗೆ ಹಚ್ಚುವ ಎಣ್ಣೆ, ಇಂಥವಕ್ಕೆಲ್ಲ ಪರಿಮಳ ಕೂಡಿಸಿ ಕೊಡುವುದು. ಕೇಳಿದವರಿಗೆ ಇದು ಹೂದೋಟದಲ್ಲಿ ಓಡಾಡುವ ಕೆಲಸ ಅನ್ನಿಸುತ್ತದೆ. ದಿನವಿಡೀ ಕಾಗದದ ಪಟ್ಟಿಗಳನ್ನು ಅದ್ದಿ ಅದ್ದಿ ಮೂಗಿನ ಕೆಳಗೆ ಆಡಿಸಿದರೆ ಗೊತ್ತಾಗುತ್ತದೆ. ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿನವಳ ಮುಡಿಯ ಮಲ್ಲಿಗೆ ಕಂಡರೂ ತಲೆ ಸಿಡಿಯುತ್ತದೆ. ನಾನು ಹೂ ಮುಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈ ತಮಿಳರ ಊರಿನಲ್ಲಿ ಹೂ ಮುಡಿಯದ ಹೆಂಗಸನ್ನು ಜನ ಒಂಥರಾ ನೋಡುತ್ತಾರೆ. ನೋಡಲಿ.

ಕಳೆದ ವರ್ಷ ನನ್ನ ಪಾಲಿಗೆ ಬಂದದ್ದು ಅಗರು. ದುಬಾರಿ ಪರ್ಫ್ಯೂಮ್ ಮಾರುವ ಗಿರಾಕಿಯೊಬ್ಬರಿಗೆ ಹಳೆಯ ಕಾಡು ಅಗರಿನ ಪರಿಮಳವೇ ಬೇಕಿತ್ತು. ಅಗರು ಮರಕ್ಕೆ ತಾನಾಗಿ ಅಂಥ ವಾಸನೆಯೇನೂ ಇಲ್ಲ. ಹುಳ ಕೊರೆದು, ಬೂಷ್ಟು ಹಿಡಿದು, ಆ ಗಾಯದ ಸುತ್ತ ಕಪ್ಪು ಅಂಟು ತುಂಬಿಕೊಂಡು ವರ್ಷಗಟ್ಟಲೆ ನಿಂತರೆ ಮಾತ್ರ ತಿರುಳು ಘಮಘಮಿಸುತ್ತದೆ. ಅಂಥ ಮುದಿ ಮರಗಳು ಕಾಡಿನಲ್ಲಿ ಈಗ ಉಳಿದಿರುವುದೇ ಅಪರೂಪ. ತೋಟದಲ್ಲಿ ಬೆಳೆಸಿ, ತೂತು ಕೊರೆದು, ಅವಸರದಲ್ಲಿ ಇಳಿಸಿದ ಎಣ್ಣೆ ಬೇಕಾದಷ್ಟು ಸಿಗುತ್ತದೆ. ಅದನ್ನು ಮೂಸಿದ ಗಿರಾಕಿ ಮುಖ ಸಿಂಡರಿಸಿದರು. ಹಾಗಾದರೆ ಬೇರೆ ಬೇರೆ ಸಾಮಗ್ರಿ ಬೆರೆಸಿ ಹಳೆಯದರಂತೆಯೇ ಕಟ್ಟಿಕೊಡೋಣ ಎಂದಾಯಿತು. ನೋಡಿ ಕಟ್ಟಲು ಎದುರಿಗೆ ಅಸಲಿ ಬೇಕಲ್ಲ? ನಮ್ಮ ಮನೆಯಲ್ಲಿ ಒಂದು ಶೀಸೆ ಇದೆ ಎಂದು ನಾನೇ ಬಾಯಿಬಿಟ್ಟೆ. ಯಾರೂ ಕೇಳಿರಲಿಲ್ಲ.

ಶೀಸೆ ಅಪ್ಪನದು. ಅಪ್ಪ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿದ್ದರು. ಮೈಸೂರಿನಿಂದ ಈ ಊರಿಗೆ ಬಂದು ಪೆರಂಬೂರಿನಲ್ಲಿ ಮನೆ ಮಾಡಿದವರು ಮತ್ತೆ ಹಿಂದಿರುಗಲಿಲ್ಲ. ಪ್ಯಾರೀಸ್ ಕಾರ್ನರ್‌ನಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ವ್ಯಾಪಾರಿಯೊಬ್ಬರಿಗೆ ಅಸ್ಸಾಮಿನಿಂದ ಸರಕು ಬರುತ್ತಿತ್ತು. ಕಳೆದೇಹೋಯಿತು ಎಂದುಕೊಂಡಿದ್ದ ಒಂದು ಪೆಟ್ಟಿಗೆಯನ್ನು ಅಪ್ಪ ಎಲ್ಲಿಂದಲೋ ಹುಡುಕಿ ಕೊಟ್ಟಿದ್ದರಂತೆ. ಅಂಗಡಿ ಮುಚ್ಚುವಾಗ ಅವರು ನೆನಪಿಟ್ಟುಕೊಂಡು ಬಂದು ಕಿರುಬೆರಳಿನಷ್ಟು ಶೀಸೆಯನ್ನು ಅಪ್ಪನ ಕೈಯಲ್ಲಿಟ್ಟು ಹೋದರು.

ಅಮ್ಮನಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಅಸಲಿ ಅಗರು ಹಚ್ಚಿಕೊಂಡ ಕೂಡಲೇ ದನದ ಕೊಟ್ಟಿಗೆಯಂತೆ ನಾರುತ್ತದೆ. ಹೊತ್ತು ಕಳೆದ ಮೇಲೆಯೇ ಹದಕ್ಕೆ ಬರುವುದು. ಮದುವೆಗೋ ಮುಂಜಿಗೋ ಹೊರಟು ಅಪ್ಪ ಮೀಸೆಗೆ ಒಂದಿಷ್ಟು ತಾಗಿಸಿಕೊಂಡರೆ, ಅಮ್ಮ ಅವರನ್ನು ಬಾಲ್ಕನಿಗೆ ಅಟ್ಟಿ ಬಾಗಿಲು ಹಾಕುತ್ತಿದ್ದಳು. ಅಪ್ಪ ರೇಷ್ಮೆ ಪಂಚೆ ಉಟ್ಟುಕೊಂಡು, ಒಣಗಿದ ಬಟ್ಟೆಗಳ ನಡುವೆ ನಿಂತು, ವಾಸನೆ ಪಳಗುವುದನ್ನು ಕಾಯುತ್ತಿದ್ದರು. ಅಮ್ಮ ಹೋದ ಮೇಲೆ ಬಾಲ್ಕನಿಗೆ ಅಟ್ಟುವವರಿರಲಿಲ್ಲ. ಅಪ್ಪ ಶೀಸೆ ತೆಗೆಯುವುದನ್ನೇ ಬಿಟ್ಟರು.

ಆಮೇಲೆ ಎಲ್ಲರಿಗೂ ಬಂದ ಜ್ವರ ಅಪ್ಪನಿಗೂ ಬಂತು. ಪ್ರಾಣ ಉಳಿಯಿತು, ಮೂಗು ಹೋಯಿತು. ಅದು ಗೊತ್ತಾದದ್ದು ಗಾಳಿ ತಿರುಗಿ ಬಡಗಣದಿಂದ ಬೀಸಿದ ದಿನ. ಹಾಗೆ ತಿರುಗಿದರೆ ನಮ್ಮ ಮನೆಗೆ ಮಣಲಿಯ ರಿಫೈನರಿಯ ವಾಸನೆ ಬರುತ್ತದೆ. "ಮಣಲಿ ಬಂತು, ಜನ್ನಲ್ ಮುಚ್ಚು" ಎಂದು ಮೊದಲು ಕೂಗುವವರು ಯಾವತ್ತೂ ಅಪ್ಪನೇ. ಅವತ್ತು ತೆರೆದ ಕಿಟಕಿಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು.

ಮೂಗಿನಿಂದಲೇ ಅನ್ನ ತಿನ್ನುವ ನನಗೆ ಅದನ್ನು ಸಹಿಸಲಾಗಲಿಲ್ಲ. ರಜಾ ದಿನ ಬಂತೆಂದರೆ ಅಪ್ಪನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಲವಂಗ, ಕರ್ಪೂರ, ನಿಂಬೆಸಿಪ್ಪೆ, ಕಾಫಿಪುಡಿ ಒಂದೊಂದಾಗಿ ಹಿಡಿಯುತ್ತಿದ್ದೆ. ದಿನವೂ ಹೀಗೆ ಮೂಸುತ್ತಿದ್ದರೆ ಮೂಗು ಮತ್ತೆ ಪಳಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಫೇಲಾದ ಹುಡುಗನ ಹಾಗೆ ತಲೆಯಾಡಿಸುವರು. ನಾನು ರೇಗುತ್ತಿದ್ದೆ, "ಗಮನ ಕೊಟ್ಟು ಮೂಸಿ ಅಪ್ಪಾ" ಎಂದು ಗದರುತ್ತಿದ್ದೆ. ಒಂದು ದಿನ ಸಾಕಾಗಿ ಅಗರಿನ ಶೀಸೆಯನ್ನೇ ತೆರೆದು ಹಿಡಿದೆ. ಅಪ್ಪ ಕಣ್ಣು ಬಿಟ್ಟು, "ಬರ್ತಿದೆ ಕಣಮ್ಮಾ" ಅಂದರು.

ನಾನು ಗಳಗಳನೆ ಅತ್ತುಬಿಟ್ಟೆ. ಅವತ್ತಿನಿಂದ ದಿನವೂ ಸ್ನಾನವಾದ ಮೇಲೆ ಅಪ್ಪ ಶೀಸೆಯ ಗಾಜಿನ ಕಡ್ಡಿಯನ್ನು ಮೀಸೆಗೆ ತಾಗಿಸಿಕೊಂಡು, ಅಡುಗೆಮನೆಯ ಬಾಗಿಲಿಗೆ ಬಂದು, "ಆಹಾ, ಬಂತು" ಅನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನನ್ನ ದಿನ ಸಾಗುತ್ತಿತ್ತು. ಹುಳಿಯ ವಾಸನೆಯಿಲ್ಲ, ಒಗ್ಗರಣೆಯ ವಾಸನೆಯಿಲ್ಲ. ಅಪ್ಪನಿಗೆ ಲೋಕದಲ್ಲಿ ಉಳಿದಿದ್ದ ವಾಸನೆ ಅದೊಂದೇ ಎಂದು ನಂಬಿದ್ದೆ.

ಅಂಥ ಶೀಸೆಯಿಂದ ಲ್ಯಾಬಿಗೆ ಪಾಲು ಕೇಳಬೇಕಾಗಿ ಬಂತು. ಅಪ್ಪ ಹಿಂದುಮುಂದು ನೋಡದೆ ಅರ್ಧ ಸುರಿದುಕೊಟ್ಟರು. "ನಿನ್ನ ಕೆಲ್ಸ ಆಗ್ಲಿ ಮೊದ್ಲು" ಅಂದರು. ಅವರ ಉದಾರತನ ಕಂಡು ನನಗೆ ನಾಚಿಕೆಯಾಯಿತು.

ಮುಂದಿನ ತಿಂಗಳುಗಳನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಅಸಲಿಯಲ್ಲಿ ಏನೇನಿದೆ ಎಂದು ಯಂತ್ರ ಹೇಳುತ್ತದೆ, ಹೇಗಿದೆ ಎಂದು ಹೇಳುವುದಿಲ್ಲ. ಬೆರೆಸುವುದು, ಮೂಸುವುದು, ಚೆಲ್ಲುವುದು. ಒಂದು ದಿನ ಹೊಗೆಯ ವಾಸನೆ ಜಾಸ್ತಿ, ಇನ್ನೊಂದು ದಿನ ತೊಗಲಿನದು ಜಾಸ್ತಿ, ಮತ್ತೊಂದು ದಿನ ಆಸ್ಪತ್ರೆಯದು. ಮೂಗು ದಣಿದರೆ ನಾವು ನಮ್ಮದೇ ಮೊಣಕೈ ಮಡಿಕೆಯನ್ನು ಮೂಸಿ ಸುಧಾರಿಸಿಕೊಳ್ಳುತ್ತೇವೆ. ಕೊನೆಕೊನೆಗೆ ನನ್ನ ಕೈಯೇ ಅಗರು ನಾರುತ್ತಿತ್ತು. ಪ್ರತಿಸಲ ಹೋಲಿಸಿ ನೋಡಲು ಅಸಲಿಯಲ್ಲಿ ಒಂದಿಷ್ಟು ಬೇಕು. ಹೋಲಿಸಿ ಹೋಲಿಸಿ ಅಪ್ಪ ಕೊಟ್ಟ ಪಾಲು ಮುಗಿದೇಹೋಯಿತು. ಅಷ್ಟು ಹೊತ್ತಿಗೆ ನಮ್ಮ ನಕಲು ಹತ್ತಿರ ಬಂದಿತ್ತು, ಅಥವಾ ನನ್ನ ಮೂಗು ಸತ್ತಿತ್ತು. ಯಾವುದು ಎಂದು ನನಗೇ ತಿಳಿಯದು.

"ಗಿರಾಕಿಗೆ ತೋರಿಸೋ ಮುಂಚೆ ಕೊನೇದಾಗಿ ಒಂದ್ಸಲ ಒರಿಜಿನಲ್ ಜೊತೆ ಇಟ್ಟು ನೋಡ್ಬೇಕು, ಮೇಡಂ. ಮನೇಲಿ ಉಳಿದಿರೋದನ್ನ ತನ್ನಿ," ಎಂದಳು ಲ್ಯಾಬಿನ ಮುಖ್ಯಸ್ಥೆ. ನನಗಿಂತ ಚಿಕ್ಕವಳು, ಕೆಟ್ಟವಳಲ್ಲ. ಅಪ್ಪನಿಗೆ ಉಳಿದಿದ್ದನ್ನೂ ಕಸಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ನಮ್ಮ ನಕಲನ್ನು ಅಪ್ಪನಿಗೇ ಮೂಸಲು ಕೊಡುವುದು. ಅದೂ ಅವರಿಗೆ ಬಂದರೆ ಇನ್ನೇನು, ಬೇಕಾದಷ್ಟು ಮಾಡಿಕೊಡಬಹುದು. ಶೀಸೆ ಹೋದರೂ ಅವರ ವಾಸನೆ ಹೋಗುವುದಿಲ್ಲ.

ಲ್ಯಾಬಿನಲ್ಲೇ ಒಂದು ಪಟ್ಟಿಯನ್ನು ನಕಲಿನಲ್ಲಿ ಅದ್ದಿ, ತುದಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಬೆಳ್ಳಿ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ನಿಂತೇ ಬಂದು, ಮನೆ ಸೇರುವಾಗ ಕಾಲು, ಮೂಗು, ತಲೆ ಯಾವುದೂ ನನ್ನದಾಗಿರಲಿಲ್ಲ. ಸೋಫಾದಲ್ಲಿ ಕುಸಿದು, ಬ್ಯಾಗಿಗೆ ಕೈ ಹಾಕಿ, ಪಟ್ಟಿ ತೆಗೆದು, ನಾವು ಕಟ್ಟಿದ ಅಗರು ಇದು, ಮೂಸಿ ನೋಡಿ ಎಂದು ಅಪ್ಪನಿಗೆ ಕೊಟ್ಟೆ.

ಅಪ್ಪ ಕಣ್ಣು ಮುಚ್ಚಿದರು. ಉದ್ದಕ್ಕೆ ಉಸಿರೆಳೆದುಕೊಂಡರು. ಮುಖ ಅರಳಿತು. ಖುಷಿಯಾದರೆ ಅಪ್ಪನ ಕನ್ನಡದಲ್ಲಿ ತಮಿಳು ತಾನಾಗಿ ನುಗ್ಗುತ್ತದೆ.

"ಅಪ್ಪಡಿಯೇ, ಹಾಗೇ ಇದೆ ಕಣಮ್ಮಾ! ನಿಮ್ಮಮ್ಮ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಬಾಲ್ಕನಿಗೆ ಓಡಿಸ್ತಿದ್ಲು."

"ನಿಜವಾಗ್ಲೂ ಬರ್ತಿದ್ಯಾ ಅಪ್ಪಾ?"

"ಬರ್ದೆ ಏನು? ಗಮ್ಮಂತ ಬರ್ತಿದೆ." ಅಪ್ಪ ಎದ್ದು ಹೋಗಿ ಕಪಾಟಿನಿಂದ ಶೀಸೆ ತಂದು ನನ್ನ ಕೈಯಲ್ಲಿಟ್ಟರು. "ಇನ್ನು ನನಗ್ಯಾಕೆ ಇದು? ತಗೊಂಡ್ ಹೋಗು ಆಫೀಸಿಗೆ."

ಶೀಸೆಯನ್ನು ಜೋಪಾನವಾಗಿಡಲು ಬ್ಯಾಗು ತೆರೆದೆ. ಒಳಗೆ ಬೆಳ್ಳಿ ಕಾಗದದ ಪೊಟ್ಟಣ ಸುತ್ತಿದ್ದ ಹಾಗೇ ಇತ್ತು. ಬಿಚ್ಚಿದೆ. ಗುರುತು ಹಾಕಿದ ಪಟ್ಟಿ ಅದರೊಳಗೇ ಇತ್ತು. ಅಪ್ಪನ ಕೈಯಲ್ಲಿದ್ದದ್ದು ನನ್ನ ಬ್ಯಾಗಿನಲ್ಲಿ ಸದಾ ಬಿದ್ದಿರುವ ಖಾಲಿ ಪಟ್ಟಿಗಳಲ್ಲೊಂದು. ಯಾವುದರಲ್ಲೂ ಅದ್ದದ ಬಿಳಿ ಕಾಗದ.

ಅಪ್ಪ ಅದನ್ನು ಇನ್ನೂ ಮೂಗಿನ ಹತ್ತಿರ ಹಿಡಿದುಕೊಂಡಿದ್ದರು.

ಎಲ್ಲಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ನನ್ನನ್ನು ಮಂಗ ಮಾಡಿದರಲ್ಲ ಎಂಬ ಸಿಟ್ಟು. ಮರುಕ್ಷಣವೇ, ನಾನು ಗದರಿ ಗದರಿ ಮೂಸಿಸುತ್ತಿದ್ದ ಆ ರಜಾ ದಿನಗಳು ಕಣ್ಣಿಗೆ ಬಂದವು. ಆ ಮನುಷ್ಯನಿಗೆ ಏನೂ ಬಂದಿರಲಿಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ. ಮಗಳ ಮುಖ ನೋಡಲಾರದೆ ಒಂದು ಮಾತು ಹೇಳಿದರು, ಹೇಳಿದ್ದಕ್ಕೆ ತಕ್ಕಂತೆ ದಿನವೂ ಮೀಸೆಗೆ ಹಚ್ಚಿಕೊಂಡು ನಡೆದುಕೊಂಡರು.

ಶೀಸೆಯನ್ನು ತಿರುಗಿ ಅವರ ಕೈಗೆ ಕೊಟ್ಟೆ. "ಬೇಡ ಅಪ್ಪಾ, ನಿಮ್ಮ ಹತ್ರಾನೇ ಇರ್ಲಿ."

"ಅಯ್ಯೋ, ನಿನ್ನದೇ ಬಂತಲ್ಲ, ಇದ್ಯಾಕೆ ಮತ್ತೆ?"

"ಬೆಳಿಗ್ಗೆ ಹೊತ್ತಿಗೆ ಬೇಕಾಗತ್ತೆ," ಅಂದೆ.

ಅಪ್ಪ ನನ್ನ ಮುಖವನ್ನು, ಮಡಿಲಲ್ಲಿ ಬಿಚ್ಚಿ ಬಿದ್ದಿದ್ದ ಬೆಳ್ಳಿ ಕಾಗದವನ್ನು ನೋಡಿದರು. ಶೀಸೆಯನ್ನು ಕಪಾಟಿನಲ್ಲಿಟ್ಟು ಬಂದು, ನಾಳೆಗೆ ಹಾಲು ಇದೆಯೋ ಇಲ್ಲವೋ ಎಂದು ವಿಚಾರಿಸಿದರು.

ಲ್ಯಾಬಿನಲ್ಲಿ, ಮನೆಯ ಶೀಸೆ ಒಣಗಿಹೋಗಿದೆ ಎಂದು ಹೇಳಿದೆ. ಗಿರಾಕಿ ನಕಲನ್ನು ಒಪ್ಪಿಕೊಂಡರು, ಬಹಳ ಹೊಗಳಿದರಂತೆ. ಅದು ಅಸಲಿಯಂತಿದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಈಗಲೂ ಬೆಳಿಗ್ಗೆ ಮೀಸೆಗೆ ಹಚ್ಚಿಕೊಂಡು ಬರುತ್ತಾರೆ, ಬಂತು ಅನ್ನುತ್ತಾರೆ. ನಾನು ತಿರುಗಿ ನೋಡಿ ನಗುತ್ತೇನೆ. ಶೀಸೆಯ ತಳದಲ್ಲಿ ಇನ್ನು ಸ್ವಲ್ಪವೇ ಇದೆ. ಅದು ಮುಗಿದ ಮೇಲೆ ಬೆಳಗಿನ ಹೊತ್ತು ನಾವಿಬ್ಬರೂ ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತೇವೋ ನನಗೆ ತಿಳಿಯದು.