ಕೋಟ್ಸ್ ಹಾಕದ ಬುಧವಾರ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹಲಸೂರಿನಿಂದ ಟಿನ್ ಫ್ಯಾಕ್ಟರಿಗೆ ಹೋಗುವಾಗ ಎರಡು ಸ್ಟಾಪ್ ಮುಂಚೆಯೇ ಎದ್ದು ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಲ್ಲೊಂದು ಸ್ಟುಡಿಯೋದಲ್ಲಿ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡುವುದು ನನ್ನ ಕೆಲಸ. ಎರಡು ಸಾವಿರದ ಇಸವಿಯ ಆಸುಪಾಸು. ಡಿಸ್ಕ್ ವಾರಕ್ಕೊಮ್ಮೆ ತುಂಬಿಹೋಗುತ್ತಿತ್ತು. ನಡೆಯುತ್ತಿರುವ ಕೆಲಸ ‘ಫೋಟೋ’ ಎಂಬ ಫೋಲ್ಡರಿನಲ್ಲಿ, ಮುಗಿದದ್ದು ‘ಫೋಟೋ ಓಲ್ಡ್’ನಲ್ಲಿ. ಹಳೆಯದನ್ನು ಒಂದೊಂದಾಗಿ ಅಳಿಸುವ ತಾಳ್ಮೆಯಿಲ್ಲದೆ ನಾನೇ ಒಂದು ಮ್ಯಾಕ್ರೋ, ಅಂದರೆ ಪುಟ್ಟ ಪ್ರೋಗ್ರಾಂ, ಬರೆದುಕೊಂಡಿದ್ದೆ. ಅದರ ಮುಂದೆ ಫೋಲ್ಡರಿನ ಹೆಸರು ಹೊಡೆದರೆ ಸಾಕು, ಎಲ್ಲ ಗುಡಿಸಿ ಹಾಕುತ್ತಿತ್ತು. ಅಳಿಸಲೇ ಎಂದು ಅದು ಕೇಳುವುದೂ ನನಗೆ ಕಿರಿಕಿರಿ, ಅದನ್ನೂ ತೆಗೆದುಹಾಕಿದ್ದೆ. ಹೆಸರಿನ ನಡುವೆ ಜಾಗವಿದ್ದರೆ ಎರಡೂ ಕಡೆ ಕೋಟ್ಸ್, ಅಂದರೆ ಉದ್ಧರಣ ಚಿಹ್ನೆ, ಹಾಕಬೇಕು, ಇಲ್ಲದಿದ್ದರೆ ಮ್ಯಾಕ್ರೋ ಮೊದಲ ಪದವನ್ನಷ್ಟೇ ಹೆಸರೆಂದುಕೊಳ್ಳುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ವಾರ ರಾಮಮೂರ್ತಿ ನಗರದಿಂದ ಒಬ್ಬ ಹೆಂಗಸು ತೀರಿಹೋದ ಗಂಡನ ಫೋಟೋ ತಂದಿದ್ದರು. ಕಲಬುರಗಿ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ಆತನದ್ದೆಂದು ಇದ್ದದ್ದು ಅದೊಂದೇ ಫೋಟೋ, ತೇವಕ್ಕೆ ಗಾಜಿಗೆ ಅಂಟಿಕೊಂಡಿತ್ತು. ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಆಮೇಲೆ ಬಿಡಿಸಲು ಹೋದರೆ ಮುಖವೆಲ್ಲ ಕಿತ್ತು ಬಂತು. “ಹೆದರ್ಬೇಡಿ, ಕಂಪ್ಯೂಟರಲ್ಲಿ ಇದೆ” ಎಂದು ದೊಡ್ಡ ಮಾತಾಡಿದ್ದೆ. ಗುರುವಾರ ಆತನ ವರ್ಷದ ಪೂಜೆ. ಮೂರು ದಿನ ಕೂತು ಗೀರು, ಕಲೆ ಎಲ್ಲ ತೆಗೆದೆ.

ಬುಧವಾರ ಬೆಳಿಗ್ಗೆ ಪ್ರಿಂಟ್ ಕೊಡುವ ಮುಂಚೆ ಡಿಸ್ಕ್ ತುಂಬಿದೆ ಎಂಬ ಗೊಣಗಾಟ ಶುರುವಾಯಿತು. ಮ್ಯಾಕ್ರೋ ಹೊಡೆದೆ, ಫೋಟೋ ಓಲ್ಡ್ ಅಂತಲೂ ಹೊಡೆದೆ. ಕೋಟ್ಸ್ ಹಾಕಲಿಲ್ಲ. ಓಲ್ಡ್ ಹಾಗೇ ಉಳಿಯಿತು, ಆಕೆಯ ಗಂಡನ ಚಿತ್ರವಿದ್ದ ‘ಫೋಟೋ’ ಹೋಯಿತು. ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಇರಲಿಲ್ಲ. ಅಂಗಡಿಯ ಯಜಮಾನರು ಎಲ್ಲಿಂದಲೋ ಅಳಿಸಿದ್ದನ್ನು ಮರಳಿ ತರುವ ಒಂದು ಸಿಡಿ ತಂದು ಹುಡುಕಿಸಿದರು. ನಾನು ಒಳಗೂ ಹೊರಗೂ ಓಡಾಡುತ್ತಲೇ ಇದ್ದೆ. ಆತನ ಚಿತ್ರ ಹಣೆಯ ತನಕ ಸಿಕ್ಕಿತು, ಕೆಳಗೆಲ್ಲ ಬರೀ ಬೂದಿ ಬಣ್ಣ.

“ಸಂಜೆ ಆಯಮ್ಮ ಬರ್ತಾರಲ್ಲಮ್ಮಾ, ಏನ್ ಹೇಳ್ತೀಯಾ?” ಅಂದರು ಯಜಮಾನರು.

“ನಾನೇ ಅಳಿಸ್ಬಿಟ್ಟೆ ಅಂತ ಹೇಳ್ತೀನಿ ಸಾರ್.”

ಸಂಜೆ ಆಕೆ ಬಂದಾಗ ಹಾಗೇ ಹೇಳಿದೆ. ಬೈಯಲಿ ಎಂದು ಕಾಯುತ್ತಾ ನಿಂತೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಹೋಗ್ಲಿ ಬಿಡ್ರಿ ಅಕ್ಕಾರ. ಕೈಲೇ ಚಿತ್ರ ಬರದು ಕೊಡ್ರಿ. ನನಗ ಈಗೀಗ ಅವರ ಮಾರಿ ಸರಿಯಾಗಿ ನೆನಪಿಗೆ ಬರವಲ್ದು. ನೀವು ಮೂರು ದಿನ ಅದನ್ನೇ ನೋಡೀರಲ್ರಿ.”

ಚಿತ್ರ ಬಿಡಿಸಲು ನನಗೆ ಬರುತ್ತಿತ್ತು. ಪೆನ್ಸಿಲ್ಲೂ ಮೇಜಿನ ಮೇಲೇ ಇತ್ತು. ಆದರೆ ಬೇಗ ಮುಗಿಸುವ ಆತುರದಲ್ಲಿ ಮೂರು ದಿನವೂ ಚಿತ್ರವನ್ನು ಹಿಗ್ಗಿಸಿಕೊಂಡು ಚುಕ್ಕೆಗಳನ್ನಷ್ಟೇ ಅಳಿಸಿದ್ದೆ. ಆತನ ಮುಖವನ್ನು ಒಮ್ಮೆಯೂ ಪೂರ್ತಿಯಾಗಿ ನೋಡಿರಲಿಲ್ಲ ಎಂಬುದನ್ನೂ ಆಕೆಗೆ ಹೇಳಬೇಕಾಯಿತು.