ಮಂಚದ ಕೆಳಗಿನ ಗಗನಯಾತ್ರೆ

ಬಲಗಾಲನ್ನು ಮಡಿಸಿ, ಎಡಗಾಲೊಂದರ ಮೇಲೆ ನಿಂತು, ಕಣ್ಣು ಮುಚ್ಚಿಕೊಂಡು ಆಕೆ ಹಾಲಿನವನಿಗಾಗಿ ಕಾಯುತ್ತಿದ್ದರು. ಹೂವಿನ ನೈಟಿ, ಹೆಗಲ ಮೇಲೆ ಬಿಳಿ ಟವೆಲು, ಕೊರಳಲ್ಲಿ ಶಿಲುಬೆಯ ತೆಳು ಸರ. ಮೈ ಕೊಂಚ ವಾಲಿದರೂ ಕಾಲು ಕೆಳಗಿಡುತ್ತಿರಲಿಲ್ಲ. ಯೋಗಶಾಲೆಗಳಿರುವ ಗೋಕುಲಂ ಕಡೆಯಿಂದ ಜಯಲಕ್ಷ್ಮಿಪುರಂನ ನಮ್ಮ ಬೀದಿಗೆ ದಾರಿ ತಪ್ಪಿ ಬರುವ, ಬಗಲಲ್ಲಿ ಯೋಗದ ಚಾಪೆ ಸುತ್ತಿಟ್ಟುಕೊಂಡ ವಿದೇಶಿಯರು ಆಕೆಯನ್ನು ಕಂಡು ನಿಂತು ಕೈ ಮುಗಿಯುತ್ತಿದ್ದರು. ಆಕೆ ಕಣ್ಣು ತೆರೆಯದೆಯೇ, "ಯೋಗ ಅಲ್ಲ, ಟ್ರೈನಿಂಗ್" ಎನ್ನುತ್ತಿದ್ದರು. ಅವರಿಗೆ ಅದು ಇನ್ನೂ ದೊಡ್ಡ ಯೋಗವೆಂದು ತೋರುತ್ತಿತ್ತೋ ಏನೋ, ಮತ್ತೊಮ್ಮೆ ಕೈ ಮುಗಿದು ಹೋಗುತ್ತಿದ್ದರು.

ಆಕೆ ನಮ್ಮ ಪಕ್ಕದ ಮನೆಯ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನಮ್ಮ ದೇಶದವರು ಅಂತರಿಕ್ಷಕ್ಕೆ ಹೋಗಲು ತರಬೇತಿ ಪಡೆಯುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದವರೇ, ಬೀದಿಯ ಮಕ್ಕಳೂ ಹಿಂದೆ ಬೀಳಕೂಡದೆಂದು ತೀರ್ಮಾನಿಸಿದರು. ಸರ್ಕಾರದ ಅನುಮತಿ ಕೇಳಿದ ಹಾಗೆ ಕಾಣಲಿಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಅಂಗಳದಲ್ಲಿ ಗಗನಯಾತ್ರಿಗಳ ತರಬೇತಿ ಶುರುವಾಗುತ್ತಿತ್ತು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಒಂದರ ಮೇಲೊಂದು ಹಾಕಿಕೊಂಡು, ನೀರಿನ ಡ್ರಮ್ಮಿನಲ್ಲಿ ಕೈ ಮುಳುಗಿಸಿ, ಬೋಲ್ಟಿಗೆ ನಟ್ಟು ತಿರುಗಿಸಬೇಕು. ನಿಜವಾದವರೂ ದೊಡ್ಡ ಕೊಳದಲ್ಲಿ ಮುಳುಗಿ ಹೀಗೆಯೇ ರಿಪೇರಿ ಕೆಲಸ ಕಲಿಯುತ್ತಾರಂತೆ. ತಿರುಗುವ ಕುರ್ಚಿಯಲ್ಲಿ ಗಿರಗಿರ ಸುತ್ತಿ, ಇಳಿದು, ರಂಗೋಲಿ ಪುಡಿಯ ಗೆರೆಯ ಮೇಲೆ ನಡೆಯಬೇಕು. ಬೆನ್ನಿಗೆ ಬೆನ್ನು ಕೊಟ್ಟು ಕೂತು, ಒಬ್ಬರು ಹೇಳಿದಂತೆ ಇನ್ನೊಬ್ಬರು ಬೆಂಕಿಪೊಟ್ಟಣದ ಗೋಪುರ ಕಟ್ಟಬೇಕು. ಕೇಳಿದ್ದನ್ನು ತಿರುಗಿ ಒಪ್ಪಿಸದೆ ಕೈ ಹಾಕುವಂತಿಲ್ಲ. ಆ ಕುರ್ಚಿ ನನ್ನದು. ಕಚೇರಿಯ ಹರಾಜಿನಲ್ಲಿ ಕೊಂಡದ್ದು. ನನ್ನ ಅಧಿಕಾರಾವಧಿಯಲ್ಲಿ ಅದು ಒಮ್ಮೆಯೂ ಅಷ್ಟು ವೇಗ ಕಂಡಿರಲಿಲ್ಲ.

"ಟೀಚರ್, ಈ ಬೀದಿಯಿಂದ ಯಾರಾದ್ರೂ ಮೇಲಕ್ಕೆ ಹೋಗ್ತಾರೆ ಅಂತೀರಾ?" ಎಂದು ಕಾಂಪೌಂಡಿನ ಈಚೆಯಿಂದ ಕೆಣಕಿದೆ.

"ಎಲ್ರೂ ಹೋಗ್ತೀವಲ್ಲ ಸಾರ್. ಟ್ರೈನಿಂಗ್ ತಗೊಂಡು ಹೋದ್ರೆ ವಾಸಿ."

ನನ್ನ ಸರದಿ ಇಷ್ಟು ಬೇಗ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಬೆನ್ನು ನೋವು ಕಾಲಿಗಿಳಿದು ಪಾದ ಮರಗಟ್ಟತೊಡಗಿತು. ಎಂಆರ್‌ಐ ಆಗದೆ ಆಪರೇಷನ್ ಇಲ್ಲ, ತಡವಾದರೆ ಕಾಲು ಸ್ವಾಧೀನ ತಪ್ಪಬಹುದು ಎಂದರು ಡಾಕ್ಟರು. ನಾನು ಆ ಕೊಳವೆಯೊಳಗೆ ಹೋದೆ. ಹೋದಷ್ಟೇ ಬೇಗ, ತುರ್ತಿಗೆಂದು ಕೈಗೆ ಕೊಟ್ಟಿದ್ದ ರಬ್ಬರ್ ಉಂಡೆಯನ್ನು ಹಳೇ ಆಟೋ ಹಾರನ್ನಿನಂತೆ ಒತ್ತಿ ಹೊರಗೆ ಬಂದೆ. ಎರಡನೇ ಸಲವೂ ಅದೇ ಕಥೆ. ಮಂಪರು ಕೊಟ್ಟು ಮಾಡಲು ನನ್ನ ದುರ್ಬಲ ಹೃದಯ ಅಡ್ಡ ಬಂತು. ಇಡೀ ಆಫೀಸನ್ನು ನಡುಗಿಸಿದ ಸೂಪರಿಂಟೆಂಡೆಂಟು ಒಂದು ಕೊಳವೆಗೆ ನಡುಗಿದ ಸಂಗತಿಯನ್ನು ನನ್ನ ಹೆಂಡತಿ ಟೀಚರಿಗೆ ವರದಿ ಮಾಡಿದಳು.

ಟೀಚರ್ ನಗಲಿಲ್ಲ. "ಗಗನಯಾತ್ರಿಗಳಿಗೆ ಭಯ ಇರಲ್ಲ ಅಂದ್ಕೊಂಡಿದೀರಾ? ಭಯಾನೇ ದಿನಾ ಅಭ್ಯಾಸ ಮಾಡ್ತಾರೆ ಕಣ್ರೀ. ಎಲ್ಲಿ, ನಿಮ್ಮ ಮಂಚ ತೋರ್ಸಿ."

ನಮ್ಮ ಹಳೆಯ ತೇಗದ ಮಂಚದ ಕೆಳಗೆ ಮೊದಲು ತೂರಿದವರು ಆಕೆಯೇ. "ಕಂಟ್ರೋಲ್ ರೂಮಲ್ಲಿ ಎಷ್ಟೇ ಜನ ಇದ್ರೂ ಮೇಲಿರೋರ ಜೊತೆ ಮಾತಾಡೋದು ಒಬ್ರೇ. ಸಾಮಾನ್ಯವಾಗಿ ಅವರೂ ಟ್ರೈನಿಂಗ್ ಆದೋರೇ ಇರ್ತಾರೆ. ಒಳಗೆ ಹೆಂಗಿರತ್ತೆ ಅಂತ ಗೊತ್ತಿರ್ಬೇಕಲ್ಲ?" ಎಂದು ಧೂಳು ಕೊಡವಿಕೊಂಡು ಎದ್ದರು. ಆಮೇಲೆ ನಾನು. ಯಂತ್ರದ ಗದ್ದಲಕ್ಕೆ ನನ್ನ ಹೆಂಡತಿ ಎಣ್ಣೆ ಡಬ್ಬಕ್ಕೆ ಸೌಟಿನಿಂದ ಬಾರಿಸಿದಳು. ಮದುವೆಯಾದಾಗಿನಿಂದ ಬಾಕಿಯಿದ್ದುದೆಲ್ಲ ಆ ಬಡಿತದಲ್ಲಿ ಸಂದಾಯವಾಯಿತು.

"ಹೇಗಿದೀರಿ?"

"ಸರಿಯಾಗಿದೀನಿ."

"ಸುಳ್ಳು. ಕಾಲು ನಡುಗ್ತಿದೆ. ಈಚೆ ಬನ್ನಿ," ಎಂದರು ಟೀಚರ್. ನಿಜಕ್ಕೂ ಗದರಿದರು. "ಸರಿಯಾಗಿಲ್ಲ ಅನ್ನೋಕೆ ನಾಚಿಕೆ ಯಾಕೆ? ಮೇಲಿರೋರೇ ಸುಳ್ಳು ಹೇಳಿದ್ರೆ ಕೆಳಗಿರೋರು ಏನು ಮಾಡಕ್ಕಾಗತ್ತೆ?"

ಆ ವಾರವೆಲ್ಲ ಮಂಚದ ಕೆಳಗೆ ನಾನು "ಸರಿಯಾಗಿಲ್ಲ" ಎಂದು ಹೇಳುವುದನ್ನು ಕಲಿತೆ. ಹಾಗೆಂದಾಗ ಆಕೆ ನನ್ನನ್ನು ಹೊರಗೆ ಕರೆಯುತ್ತಿರಲಿಲ್ಲ. ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು, "ಗೊತ್ತಾಯ್ತು. ಇಲ್ಲೇ ಇದೀನಿ," ಎನ್ನುತ್ತಿದ್ದರು. ವಿಚಿತ್ರವೆಂದರೆ, ಹಾಗೆಂದ ಮೇಲೆ ಮಂಚ ಕೊಂಚ ಮೇಲೆದ್ದಂತೆ ಅನ್ನಿಸುತ್ತಿತ್ತು.

ಮೂರನೇ ಸಲ ಸ್ಕ್ಯಾನಿಂಗಿಗೆ ಹೋದಾಗ, ಜೊತೆಗೆ ಒಬ್ಬರು ಇರಬಹುದು, ಮೈಮೇಲೆ ಲೋಹ ಇರಕೂಡದು ಎಂದರು. "ನೀವೇ ಹೋಗಿ ಟೀಚರ್, ನನಗೆ ಇವರಿಗಿಂತ ಭಯ," ಎಂದಳು ನನ್ನ ಹೆಂಡತಿ. ಟೀಚರ್ ಕೊರಳಿಗೆ ಕೈ ಹಾಕಿದರು. ಅವರಮ್ಮ ಹಾಕಿದ್ದ ಸರ ಅದು, ಸ್ನಾನಕ್ಕೂ ತೆಗೆದವರಲ್ಲ. ಕೊಕ್ಕೆ ಬಿಗಿದು ಹೋಗಿತ್ತು. ಬಿಡಿಸಿ, ಶಿಲುಬೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಹೆಂಡತಿಯ ಅಂಗೈಯಲ್ಲಿಟ್ಟು, ಬರಿಗೊರಳಲ್ಲಿ ಒಳಗೆ ಬಂದರು.

ಇಬ್ಬರ ಕಿವಿಗೂ ಬಿರಡೆ. ಯಂತ್ರ ಗುಡುಗತೊಡಗಿದ ಮೇಲೆ ಮಾತಿಗೆ ಅವಕಾಶವಿರಲಿಲ್ಲ. ಸದ್ದು ಬದಲಾದಾಗಲೆಲ್ಲ ಹೆಬ್ಬೆರಳನ್ನು ಒಮ್ಮೆ ಅದುಮಿದಂತಾಗುತ್ತಿತ್ತು. ಮರಗಟ್ಟಿದ ಪಾದದ ಬೆರಳನ್ನು ಬಿಟ್ಟು ಜೀವವಿದ್ದ ಪಾದದ ಬೆರಳನ್ನೇ ಹಿಡಿದಿದ್ದರು. ರಬ್ಬರ್ ಉಂಡೆಯನ್ನು ನಾನು ಒತ್ತಲಿಲ್ಲ. ಆಪರೇಷನ್ ಆಯಿತು. ಈಗ ನಾನು ಹಾಲು ತರಲು ನಡೆದುಹೋಗುತ್ತೇನೆ.

ಹೋದ ವರ್ಷ ಟೀಚರ್ ಆಸ್ಪತ್ರೆ ಸೇರಿದರು. ಶ್ವಾಸಕೋಶ ಕೈಕೊಟ್ಟಿತ್ತು. ಮೂಗು ಬಾಯಿ ಮುಚ್ಚುವ ಮಾಸ್ಕು, ಸುತ್ತ ಪರದೆ, ಪಕ್ಕದಲ್ಲಿ ಬಡಿದುಕೊಳ್ಳುವ ಯಂತ್ರಗಳು. ಆಕೆ ಅಂಗಳದಲ್ಲಿ ವರ್ಣಿಸುತ್ತಿದ್ದ ನೌಕೆಯೇ ಅದು. ನೋಡಲು ಬಂದ ಹಳೇ ವಿದ್ಯಾರ್ಥಿಗಳಿಗೆ, ಫಾದರಿಗೆ, ನರ್ಸಿಗೆ ಎಲ್ಲರಿಗೂ ಹೆಬ್ಬೆರಳೆತ್ತಿ ಚೆನ್ನಾಗಿದ್ದೇನೆಂದು ತೋರಿಸುತ್ತಿದ್ದರು. ಎಲ್ಲರೂ ಸಮಾಧಾನದಿಂದ ಹಿಂದಿರುಗುತ್ತಿದ್ದರು.

ಅವರೆಲ್ಲ ಹೋದ ಮೇಲೆ ನಾನು ಕಾಲ ಬಳಿ ಕೂತು ಕೇಳಿದೆ: "ಹೇಗಿದೀರಿ ಟೀಚರ್?"

ಆಕೆ ಹೆಬ್ಬೆರಳೆತ್ತಲು ಹೋಗಿ ಕೈ ಇಳಿಸಿದರು. ಮಾಸ್ಕಿನೊಳಗಿಂದ ಹೇಳಿದರು: "ಸರಿಯಾಗಿಲ್ಲ ಸಾರ್."

ಹೊದಿಕೆಯ ಅಂಚು ಸರಿಸಿ ಕಾಲಿನ ಹೆಬ್ಬೆರಳು ಹಿಡಿದುಕೊಂಡೆ. "ಗೊತ್ತಾಯ್ತು. ಇಲ್ಲೇ ಇದೀನಿ."

ಆಕೆ ಕಣ್ಣು ಮುಚ್ಚಿದರು. ಆ ಯಂತ್ರ ರಾಗ ಬದಲಿಸಿದಾಗಲೆಲ್ಲ ಒಮ್ಮೆ ಅದುಮುತ್ತಿದ್ದೆ. ಎರಡು ದಿನ ಹಾಗೆ ಕಳೆಯಿತು. ಆಮೇಲೆ ಅದುಮುವ ಅಗತ್ಯವಿರಲಿಲ್ಲ.

ಚರ್ಚಿನಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದರು. ನಮ್ಮ ಮಂಚದ ಅಡಿಗಿಂತ ಇಕ್ಕಟ್ಟಾಗಿತ್ತು. ಸರ ಕೊರಳಲ್ಲೇ ಇತ್ತು. ಕಾಲಿಗೆ ಬಿಳಿ ಕಾಲುಚೀಲ ಹಾಕಿದ್ದರು. ಸಾಲಿನಲ್ಲಿ ಬಂದವರು ಹಣೆ ಮುಟ್ಟಿ ಮುಂದೆ ಹೋಗುತ್ತಿದ್ದರು. ನಾನು ಕಾಲ ಕಡೆಗೆ ನಿಂತೆ. ಅವರ ಕಡೆಯ ಪದ್ಧತಿ ಏನೋ, ನಮ್ಮ ಕಡೆಯದೇನೋ, ಅಷ್ಟು ಹೊತ್ತು ನಿಲ್ಲುವುದು ಎರಡರಲ್ಲೂ ಇರಲಾರದು. ಹಿಂದಿದ್ದವರು ಯಾರೂ ತಳ್ಳಲಿಲ್ಲ.

ಕೊನೆಗೆ ಆಕೆಯ ತಮ್ಮ ಹತ್ತಿರ ಬಂದು ಮೆಲ್ಲಗೆ, "ಮುಚ್ಬೇಕು ಸಾರ್. ಬಿಡಿ," ಎಂದರು.

ಒಮ್ಮೆ ಅದುಮಿ, ಬಿಟ್ಟೆ.