ಬೆವರದ ಮೈಗೆ ಬರ್ಫಿನ ಗಾಳಿ

ಅಂದಪ್ಪನ ಮೈ ಬೆವರುವುದಿಲ್ಲ. ಆರು ವರ್ಷವಾಯಿತು. ಹಣೆಯ ಮೇಲೆ ನಾಲ್ಕು ಹನಿ ಕೂಡಿದರೆ ಅದೇ ಹೆಚ್ಚು. ಕೊರಳಿನಿಂದ ಕೆಳಗೆ, ಎಂಥ ಬ್ಯಾಸಿಗೆಯಲ್ಲೂ, ಬಿಸಿಲಿಗೆ ಬಿದ್ದ ಪರಸಿಗಲ್ಲಿನ ಹಾಗೆ ಒಣಗಿ ಸುಡುತ್ತಿರುತ್ತದೆ.

ಒಂದು ಕಾಲಕ್ಕೆ ಅವನಷ್ಟು ಬೆವರುವವನು ಖಣಿಯಲ್ಲೇ ಇರಲಿಲ್ಲ. ಇಳಕಲ್ಲಿನ ಕೆಂಪು ಕಲ್ಲಿನ ಖಣಿಗಳಲ್ಲಿ ಹದಿನೆಂಟು ವರ್ಷ ಡ್ರಿಲ್ಲಿಂಗ್ ಮಷೀನು ಹಿಡಿದವನು. ಮಧ್ಯಾಹ್ನದ ಹೊತ್ತಿಗೆ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುತ್ತಿತ್ತು. ಹೆಂಡತಿ ನಾಗರತ್ನಾ ಅವನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲೇ ನೆನೆಸುತ್ತಿದ್ದಳು. ಒಂದು ದಿನ ಎರಡಾಳು ಎತ್ತರದ ಬಂಡೆಯ ಮೇಲೆ ನಿಂತು ತೂತು ಹೊಡೆಯುತ್ತಿದ್ದಾಗ ಕಾಲ ಕೆಳಗಿನ ಪದರು ಕಳಚಿತು. ಮಷೀನು ಒಂದು ಕಡೆ ಬಿತ್ತು, ಅವನು ಒಂದು ಕಡೆ ಬಿದ್ದ. ಮಷೀನಿಗೆ ಏನೂ ಆಗಲಿಲ್ಲ.

ಕೊರಳು ಮುರಿದುಕೊಂಡು ಬಾಗಲಕೋಟೆಯ ದವಾಖಾನೆಯಲ್ಲಿ ಮೂರು ತಿಂಗಳು ಇದ್ದು ಮನೆಗೆ ಹೊರಟಾಗ ಡಾಕ್ಟರರು ನಾಗರತ್ನಾಳನ್ನು ಬದಿಗೆ ಕರೆದು ಹೇಳಿದ್ದರು: "ನೋಡವ್ವಾ, ಕೈಕಾಲಿಗಷ್ಟ ಅಲ್ಲ, ಬೆವರಿಗೂ ತಲಿಯಿಂದನ ಸುದ್ದಿ ಹೋಗಬೇಕು. ಇವರಿಗೆ ಕೊರಳ ಕೆಳಗ ಆ ಸುದ್ದಿ ಹೋಗೂದಿಲ್ಲ. ಮೈ ಕಾದ್ರ ತಾನಾಗೇ ಆರೂದಿಲ್ಲ. ಬ್ಯಾಸಗ್ಯಾಗ ಭಾಳ ಜ್ವಾಕಿ."

ಅಂದಪ್ಪನಿಗೆ ಉಳಿದದ್ದು ಇಷ್ಟು: ತಲೆ, ಹೆಗಲು, ಮಡಚಬಲ್ಲ ಎರಡು ಮೊಳಕೈ, ಮೇಲಕ್ಕೆ ಎತ್ತಬಲ್ಲ ಮಣಿಕಟ್ಟು. ಬೆರಳು ಮುಚ್ಚುವುದಿಲ್ಲ. ಅಂಗೈಗೆ ಚಮಚ ಕಟ್ಟಿಕೊಟ್ಟರೆ ನುಚ್ಚು-ಮಜ್ಜಿಗೆ ತಾನೇ ತಿನ್ನುತ್ತಾನೆ. ಉಳಿದದ್ದಕ್ಕೆಲ್ಲ ನಾಗರತ್ನಾ ಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲಿಕ್ಕೆ, ಮೂತ್ರದ ಚೀಲ ಚೆಲ್ಲಲಿಕ್ಕೆ, ಮೂಗಿನ ಮೇಲೆ ಕೂತ ನೊಣ ಹೊಡೆಯಲಿಕ್ಕೆ.

ಊರಿನ ಅಂಚಿನಲ್ಲಿ ತಗಡು ಹೊದಿಸಿದ ಒಂದೇ ಕೋಣೆಯ ಮನೆ. ಒಂದು ಗೋಡೆಗೆ ಅವನ ಮಂಚ, ಎದುರಿನ ಗೋಡೆಗೆ ನಾಗರತ್ನಾಳ ಕುಣಿಮಗ್ಗ. ಸಾಹುಕಾರರು ಕೊಟ್ಟ ನೂಲಿನಲ್ಲಿ ಸೀರೆ ನೇಯ್ದು ಕೊಡುತ್ತಾಳೆ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಅವಳ ತಲೆ ಸರಿಯಾಗಿ ಅವನ ಮಂಚದ ಎತ್ತರಕ್ಕೆ ಬರುತ್ತದೆ. ದಿನವಿಡೀ ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತ ಇರುತ್ತಾರೆ.

ಮೊದಲ ಎರಡು ಬ್ಯಾಸಿಗೆ ಒದ್ದೆ ಧೋತರ ಹೊದಿಸಿ, ಟೇಬಲ್ ಫ್ಯಾನು ಹಚ್ಚಿ ಕಳೆದರು. ತಗಡು ಕಾದ ಮೇಲೆ ಫ್ಯಾನು ಒಗೆಯುವುದು ಬಿಸಿಗಾಳಿಯನ್ನೇ. ಎರಡು ಸಲ ಜ್ವರ ನೂರಾನಾಲ್ಕಕ್ಕೆ ಏರಿ, ಅಂದಪ್ಪ ಏನೇನೋ ಬಡಬಡಿಸಿ, ನಾಲ್ಕು ಮಂದಿ ಕಂಬಳಿಯಲ್ಲಿ ಎತ್ತಿಕೊಂಡು ದವಾಖಾನೆಗೆ ಓಡಿದ್ದಾಯಿತು. ಮೂರನೆಯ ವರ್ಷ ಲಾಡಸಾಬ ಆ ಡಬ್ಬಿ ತಂದ.

ಲಾಡಸಾಬ ಪಕ್ಕದ ಮನೆಯವನು. ಫ್ಯಾನು, ಮೋಟರು ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಮೊದಲು ಅಂದಪ್ಪನ ಖಣಿಯಲ್ಲೇ ಮಷೀನು ನೋಡಿಕೊಳ್ಳುತ್ತಿದ್ದವನು. ಮೀನು ತುಂಬಿ ಬರುವ ದೊಡ್ಡ ಥರ್ಮಾಕೋಲ್ ಡಬ್ಬಿಯ ಮುಚ್ಚಳಕ್ಕೆ ಎರಡು ತೂತು ಕೊರೆದು, ಒಂದರಲ್ಲಿ ಗೇಣುದ್ದದ ಫ್ಯಾನು ಕೂರಿಸಿದ್ದ. ಇನ್ನೊಂದಕ್ಕೆ, ಗಾಳಿ ಹೊರಬರಲಿಕ್ಕೆ, ಮೊಳಕೈಯಂತೆ ಬಾಗಿದ ನೀರಿನ ಪೈಪಿನ ತುಂಡು ಸಿಕ್ಕಿಸಿದ್ದ. ಒಳಗೆ ಬರ್ಫ, ಐಸಿನ ಗಟ್ಟಿ. ಕರೆಂಟು ಹೋದರೂ ನಿಲ್ಲಬಾರದೆಂದು ಸ್ಕೂಟರಿನ ಹಳೇ ಬ್ಯಾಟರಿ.

"ಲೇ ಅಂದ್ಯಾ, ಎಸಿ ಕೂರಸೂದು ನನ್ನ ಕೈಲೆ ಆಗೂದಿಲ್ಲ. ಇದನ್ನರ ನೋಡು," ಎಂದು ಮಂಚದ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಇಟ್ಟು ಫ್ಯಾನು ಹಚ್ಚಿದ.

ನಾಗರತ್ನಾ ಸೆರಗು ಮೂಗಿಗೆ ಹಿಡಿದಳು. ಮೀನು ಕಂಡ ಮನೆಯಲ್ಲ ಅದು. ಸೋಪಿನ ಪುಡಿ, ಲಿಂಬಿಹಣ್ಣು ಹಚ್ಚಿ ಮೂರು ದಿನ ತಿಕ್ಕಿದಳು. ವಾಸನೆ ಪೂರ್ತಿ ಹೋಗಲಿಲ್ಲ, ಆದರೆ ಆ ವರ್ಷ ಜ್ವರ ನೂರಾಎರಡು ದಾಟಲಿಲ್ಲ. ಆಮೇಲೆ ವಾಸನೆಯ ಮಾತು ಯಾರೂ ಎತ್ತಲಿಲ್ಲ.

ಎದೆಗೆ ತಾಗುವ ತಂಪು ಅಂದಪ್ಪನಿಗೆ ತಿಳಿಯುತ್ತಿರಲಿಲ್ಲ. ಕೆನ್ನೆ, ಕಿವಿ, ಹೆಗಲ ಮೇಲ್ಭಾಗಕ್ಕಷ್ಟೇ ಗೊತ್ತಾಗುತ್ತಿತ್ತು. ತಲೆಯ ಸಿಡಿತ ಇಳಿದಾಗ, ಓಹೋ, ಮೈ ಆರಿತು ಎಂದುಕೊಳ್ಳುತ್ತಿದ್ದ. ಉಳಿದಂತೆ ಬರ್ಫ ಕರಗುವುದನ್ನು ಕೇಳುತ್ತ ಮಲಗುವುದೇ ಅವನ ಕೆಲಸ. ಗಟ್ಟಿ ಇರುವಾಗ ಡಬ್ಬಿಯಲ್ಲಿ ಸದ್ದಿರುವುದಿಲ್ಲ. ಕರಗುತ್ತ ಬಂದಂತೆ ತುಂಡುಗಳು ಒಂದಕ್ಕೊಂದು ಜರುಗಿ ಟಕ್ ಎನ್ನುತ್ತವೆ. ಕೊನೆಗೆ ಬರೀ ನೀರು ಅಲುಗುತ್ತದೆ. ಆಗ ನಾಗರತ್ನಾ ಮಗ್ಗ ಬಿಟ್ಟು ಏಳಬೇಕು. ಏಪ್ರಿಲಿನಲ್ಲಿ ಒಂದು ಗಟ್ಟಿ ನಾಲ್ಕು ತಾಸು ಬಂದರೆ ಮೇ ತಿಂಗಳಲ್ಲಿ ಎರಡೂವರೆ. ಬಸ್‌ಸ್ಟ್ಯಾಂಡಿನ ಹಿಂದಿನ ಬರ್ಫಿನ ಕಾರ್ಖಾನೆಗೆ ಮುಂಜಾನೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹೋಗಿ ಬರುತ್ತಿದ್ದಳು. ಹೋಗಿಬರುವಷ್ಟು ಹೊತ್ತು ಮಗ್ಗ ಸುಮ್ಮನಿರುತ್ತಿತ್ತು.

ಈ ವರ್ಷ ಮೇ ತಿಂಗಳ ಮೂರನೆಯ ವಾರ ಲಗ್ನಗಳ ಗದ್ದಲ. ಕಾರ್ಖಾನೆಯವರು ಎರಡು ದಿನ "ಇಲ್ಲವ್ವಾ, ಎಲ್ಲಾ ಲಗ್ನದವರಿಗೆ ಹೋತು" ಎಂದು ಪುಡಿಬರ್ಫ ಕೊಟ್ಟು ಕಳಿಸಿದರು. ಮೂರನೆಯ ದಿನ ಮಷೀನೇ ಕೆಟ್ಟು ಕಾರ್ಖಾನೆ ಬಾಗಿಲು ಹಾಕಿತು. ಹುನಗುಂದದಲ್ಲಿ ತಂಪು ಪಾನೀಯದ ಅಂಗಡಿಯೊಂದರಲ್ಲಿ ಸಿಗುತ್ತದೆಂದು ಲಾಡಸಾಬ ಫೋನು ಮಾಡಿ ವಿಚಾರಿಸಿದ.

ಅವತ್ತು ಮುಂಜಾನೆ ನಾಗರತ್ನಾ ರೊಟ್ಟಿ ಮುಟ್ಟಿರಲಿಲ್ಲ. ಅಂದಪ್ಪ ಕಂಡ.

"ಯಾಕ, ರೊಟ್ಟಿ ಹಂಗ ಬಿಟ್ಟೀಯಲ್ಲ?"

"ಹಸಿವಿಲ್ರಿ."

ಹಿಂದಿನ ದಿನದಿಂದ ಅವಳಿಗೆ ಹೊಟ್ಟೆ ಕೆಟ್ಟಿತ್ತು. ನಾಲ್ಕೈದು ಸಲ ಹೊರಗೆ ಹೋಗಿಬಂದದ್ದನ್ನು ಅವನು ಎಣಿಸಿದ್ದ. ಕೇಳಿದರೆ ನೀರು ತರಲಿಕ್ಕೆ ಹೋಗಿದ್ದೆ ಎಂದಿದ್ದಳು.

"ಇವತ್ತೊಂದಿನ ಬಿಡು. ಒದ್ದಿ ಅರಬಿ ಹೊಚ್ಚಿದ್ರ ನಡೀತೈತಿ."

"ನಿನ್ನೆ ನೂರಾಮೂರು ಇತ್ತು. ಹೆಂಗ ನಡೀತೈತಿ? ಹನ್ನೊಂದಕ್ಕ ಜೋಹರಾ ಅಕ್ಕ ಬಂದು ಅರಬಿ ತೋಯಿಸಿ ಹೋಗ್ತಾಳ. ನಾ ಹಿಂಗ ಹೋಗಿ ಹಂಗ ಬರ್ತೇನಿ."

ಗೋಣಿಚೀಲ, ಪ್ಲಾಸ್ಟಿಕ್ ಹಾಳೆ, ಒಂದು ಮುಷ್ಟಿ ಕಟ್ಟಿಗೆಯ ಹೊಟ್ಟು ತೆಗೆದುಕೊಂಡು ಹುನಗುಂದದ ಬಸ್ಸಿಗೆ ಹೋದಳು. ಲಾಡಸಾಬನ ಹೆಂಡತಿ ಜೋಹರಾ ಹೇಳಿದ ಹೊತ್ತಿಗೆ ಬಂದು ಧೋತರ ಒದ್ದೆ ಮಾಡಿ, ಬಾಯಿಗೆ ನೀರು ಹಾಕಿ, "ರೇಶನ್ ಅಂಗಡಿಗೆ ಹೋಗಿ ಬರ್ತೇನ್ರಿ ಅಣ್ಣಾ, ಪಾಳಿ ಹಚ್ಯಾರ," ಎಂದು ಹೊರಟಳು. ಆಮೇಲೆ ಯಾರೂ ಇಲ್ಲ. ಧೋತರ ಹತ್ತೇ ನಿಮಿಷಕ್ಕೆ ಒಣಗಿತು. ತಲೆಯ ಮೇಲೆ ತಗಡು ಚಟಚಟ ಅನ್ನುತ್ತಿತ್ತು. ಕಣ್ಣು ಮುಚ್ಚಿದರೆ ಕಣ್ಣುಗುಡ್ಡೆಯೇ ಬಿಸಿ.

ಹನ್ನೆರಡೂವರೆಗೆ ನಾಗರತ್ನಾ ಬಂದಳು. ಚೀಲ ನೆಲಕ್ಕಿಟ್ಟು ಹಾಗೇ ಕುಕ್ಕರಗಾಲಲ್ಲಿ ಕೂತು, ಬರ್ಫ ಒಡೆದು ಡಬ್ಬಿಗೆ ತುಂಬಿದಳು. ಎದ್ದು ಫ್ಯಾನು ಹಚ್ಚಿದಳು. ತಂಪು ಗಾಳಿ ಅವನ ಕೆನ್ನೆಗೆ ಬಂತು.

"ಒಂದು ತುಣುಕು ನಿನ್ನ ಬಾಯಾಗ ಹಾಕ್ಕೋ," ಎಂದ ಅಂದಪ್ಪ.

"ಬ್ಯಾಡ್ರಿ, ಅರ್ಧ ಹಾದ್ಯಾಗ ಕರಗೇತಿ. ಇದು ನಿಮಗ ಮೂರರ ತನಕರ ಮುಟ್ಟಲಿ."

ಗೋಡೆ ಹಿಡಿದು ಮಗ್ಗದ ಕಡೆ ಎರಡು ಹೆಜ್ಜೆ ಇಟ್ಟಳು. "ಏನ್ರಿ, ಕಣ್ಣಿಗಿ ಕತ್ತಲಿ ಬರಾಕತ್ತೈತಿ," ಎಂದಳು. ಮೂರನೆಯ ಹೆಜ್ಜೆ ಇಡಲಿಲ್ಲ. ಮಂಚಕ್ಕೂ ಮಗ್ಗದ ಕುಣಿಗೂ ನಡುವೆ ಮಗ್ಗುಲಾಗಿ ಬಿದ್ದಳು.

"ನಾಗೂ! ಏ ನಾಗೂ!"

ಅವಳು ಅಲುಗಲಿಲ್ಲ. ಅಂದಪ್ಪ ಕೂಗಿದ. ಕೊರಳು ಮುರಿದಾಗ ಎದೆಯ ಬಲವೂ ಹೋಗಿತ್ತು. ಕೂಗು ಎಂದರೆ ಕೋಣೆಯೊಳಗಿನ ಮಾತಿಗಿಂತ ತುಸು ಹೆಚ್ಚು ಅಷ್ಟೇ. ಹೊರಗೆ ಓಣಿಯ ಮಗ್ಗಗಳೆಲ್ಲ ಟಕಾಟಕ ಬಡಿಯುತ್ತಿದ್ದವು. "ಲಾಡಸಾಬಾ! ಯಾರದೀರಿ? ಯಾರರ ಬರ್ರಿ!" ಕೂಗಿ ಕೂಗಿ ಉಸಿರು ಸಾಲದೆ ನಿಂತ. ಮತ್ತೆ ಕೂಗಿದ. ಫೋನು ಗೋಡೆಯ ಗೂಡಿನಲ್ಲಿತ್ತು, ನಾಲ್ಕು ಹೆಜ್ಜೆ ಆಚೆ.

ಕತ್ತು ತಿರುಗಿಸಿ ಅವಳ ಮುಖ ನೋಡಿದ. ಕೆಂಪಾಗಿತ್ತು. ಉಸಿರು ಬೇಗ ಬೇಗ ಆಡುತ್ತಿತ್ತು. ಹಣೆ, ಮೇಲ್ದುಟಿ, ಕೊರಳು, ಎಲ್ಲೂ ಒಂದು ಹನಿ ಬೆವರಿರಲಿಲ್ಲ. ಮೂರು ಮೈಲಿ ನಡೆದರೆ ರವಿಕೆ ತೊಯ್ಯುತ್ತಿದ್ದ ಹೆಂಗಸು, ಈ ಉರಿಬಿಸಿಲಲ್ಲಿ ಹುನಗುಂದಕ್ಕೆ ಹೋಗಿಬಂದು ಒಣಗಿ ಬಿದ್ದಿದ್ದಳು. ಬೆವರು ನಿಂತ ಮೈಗೆ ಏನಾಗುತ್ತದೆಂದು ಅಂದಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ತಂಪು ಗಾಳಿ ಮಾತ್ರ ಅವನ ಕೆನ್ನೆಗೇ ಬರುತ್ತಿತ್ತು.

ಎಡಗೈಯನ್ನು ಹೆಗಲಿನಿಂದ ಬೀಸಿದ. ಮಣಿಕಟ್ಟು ಡಬ್ಬಿಗೆ ತಾಗಿ ಕಿರ್ ಎಂದಿತು, ಡಬ್ಬಿ ಜರುಗಲಿಲ್ಲ. ಬರ್ಫ ತುಂಬಿ ಭಾರವಾಗಿತ್ತು. ಮತ್ತೆ ಬೀಸಿದ. ಮತ್ತೆ. ಇದನ್ನು ಕೆಡವಿದರೆ ಇವತ್ತು ಈ ಊರಲ್ಲಿ ಬೇರೆ ಬರ್ಫಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೊಳಕೈಯನ್ನು ಸ್ಟೂಲಿನ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಸಿ, ತಲೆಯನ್ನು ಅತ್ತ ಎಸೆದು, ಉಳಿದ ಬಲವನ್ನೆಲ್ಲ ಹಾಕಿದ. ಸ್ಟೂಲು ವಾಲಿತು. ಡಬ್ಬಿ, ಬರ್ಫ, ಬ್ಯಾಟರಿ, ಪೈಪು ಎಲ್ಲ ನೆಲಕ್ಕೆ ಬಿದ್ದವು.

ನೀರು ಹರಿಯಿತು. ಒಂದಿಷ್ಟು ಅವಳ ಬೆನ್ನಿಗೆ, ಕೂದಲಿಗೆ ಹೋಯಿತು. ಬಹಳಷ್ಟು ಇಳಿಜಾರು ಹಿಡಿದು ಮಗ್ಗದ ಕುಣಿಗೆ ಇಳಿಯಿತು. ಬರ್ಫಿನ ಒಂದು ದೊಡ್ಡ ತುಂಡು ಅವಳ ಕೈಯಿಂದ ನಾಲ್ಕು ಬೆರಳಿನಷ್ಟು ದೂರ ಬಂದು ನಿಂತಿತು. ಅದು ಇನ್ನಷ್ಟು ಜಾರಲಿ ಎಂದು ಅಂದಪ್ಪ ಅದನ್ನೇ ನೋಡಿದ. ಅದು ಅಲ್ಲೇ ಕರಗಿತು.

ಕಬ್ಬಿಣದ ಸ್ಟೂಲು ಬಿದ್ದ ಸದ್ದಿಗೂ ಯಾರೂ ಬರಲಿಲ್ಲ. ಜೋಹರಾ ಬಂದದ್ದು ಪಾಳಿ ಮುಗಿಸಿಕೊಂಡು, ತನ್ನ ಹೊತ್ತಿಗೆ. ಅಷ್ಟರಲ್ಲಿ ಎಷ್ಟು ಹೊತ್ತಾಗಿತ್ತೋ ಅವನು ಹೇಳಲಾರ. ಬಾಗಿಲಲ್ಲಿ ಅಕ್ಕಿಯ ಚೀಲ ಬಿಟ್ಟು ಅವಳು ಚೀರಿದ್ದು ಓಣಿಗೆಲ್ಲ ಕೇಳಿತು. ಲಾಡಸಾಬ ಅಂಗಡಿಯಿಂದ ಓಡಿಬಂದ. ಇಬ್ಬರು ಹೆಂಗಸರು ನಾಗರತ್ನಾಳನ್ನು ಎತ್ತಿ ಆಟೋದಲ್ಲಿ ಹಾಕಿದರು.

"ನಿನ್ನ ಮೈನೂ ಸುಡಾಕತ್ತೈತಲ್ಲೋ ಅಂದ್ಯಾ!" ಎಂದ ಲಾಡಸಾಬ.

"ನನ್ನ ಬಿಡು. ಆಕೀನ್ನ ಕರಕೊಂಡು ಹೋಗಲೇ, ನಿಂದರಬ್ಯಾಡ!"

ಲಾಡಸಾಬನನ್ನೂ ಹತ್ತಿಸಿಕೊಂಡು ಆಟೋ ಹೋಯಿತು. ಅಂದಪ್ಪನನ್ನು ಒಯ್ಯಲು ನಾಲ್ಕು ಮಂದಿ ಬೇಕು, ದೊಡ್ಡ ಗಾಡಿ ಬೇಕು. ಜೋಹರಾ ಮುರಿದ ಡಬ್ಬಿಯೊಳಗೆ ಕರಗದೆ ಉಳಿದ ಬರ್ಫಿನ ಚೂರುಗಳನ್ನು ಬಾಚಿ ಅರಿವೆಯಲ್ಲಿ ಕಟ್ಟಿ ಅವನ ಕಂಕುಳಲ್ಲಿ, ಕೊರಳಿಗೆ ಇಟ್ಟಳು. ಬಕೆಟ್ಟಿನಿಂದ ನೀರು ಸುರಿದಳು. ಅವನು ಬಾಗಿಲ ಕಡೆ ನೋಡುತ್ತಲೇ ಇದ್ದ. ಹೆಂಡತಿ ಬದುಕಿದ್ದಾಳೋ ಇಲ್ಲವೋ ಎಂದು ತಿಳಿದದ್ದು ಸಂಜೆ ಐದಕ್ಕೆ. ಫೋನು ಬಂದಾಗ ಜೋಹರಾ ಅದನ್ನು ಅವನ ಕಿವಿಗೆ ಹಿಡಿದಳು.

"ಕಣ್ಣ ತೆರದಾಳಪಾ," ಎಂದ ಲಾಡಸಾಬ. "ಸಲಾಯಿನ್ ಹಚ್ಯಾರ. ನೀ ಹೆಂಗದೀ ಅಂತ ಕೇಳಾಕತ್ತಾಳ."

ಅಂದಪ್ಪ ಕಣ್ಣು ಮುಚ್ಚಿದ. ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಜೋಹರಾ ಒರೆಸಿದಳು.

ಮರುದಿನ ಲಾಡಸಾಬ ಮುರಿದ ಡಬ್ಬಿಗೆ ಟೇಪು ಸುತ್ತುತ್ತ ಕೂತಿದ್ದಾಗ ಅಂದಪ್ಪ ಕೇಳಿದ: "ನಾ ಕೆಡವಿದ ನೀರಿನಿಂದ ಏನರ ಉಪಯೋಗ ಆತಂತೇನು? ಡಾಕ್ಟರು ಏನರ ಅಂದ್ರೇನು?"

ಲಾಡಸಾಬ ಸುಳ್ಳು ಹೇಳಬಹುದಿತ್ತು. "ಅವರೇನೂ ಅನ್ನಲಿಲ್ಲೋ," ಎಂದ.

ಎರಡು ದಿನಕ್ಕೆ ನಾಗರತ್ನಾ ಮನೆಗೆ ಬಂದಳು. ಮುಖ ಇಳಿದುಹೋಗಿತ್ತು. ಒಂದು ತಿಂಗಳು ಭಾರ ಎತ್ತಬಾರದು, ಬಿಸಿಲಿಗೆ ಹೋಗಬಾರದು ಎಂದು ಹೇಳಿ ಕಳಿಸಿದ್ದರು. ಬಂದವಳೇ ಅವನ ಬೆನ್ನಿನ ಕೆಳಗೆ ಕೈ ಹಾಕಿ ಹುಣ್ಣು ಎದ್ದಿದೆಯೋ ನೋಡಿದಳು. ಎದ್ದಿತ್ತು. ಎರಡು ದಿನದಲ್ಲಿ ಮಗ್ಗುಲು ಬದಲಿಸಿದ್ದು ಸಾಲದಾಗಿತ್ತು. ಮುಲಾಮು ಹಚ್ಚುತ್ತ, "ಅಷ್ಟು ದೂರದಿಂದ ತಂದಿದ್ದೆ. ಎಲ್ಲಾ ಚೆಲ್ಲಿದ್ರಲ್ಲ," ಎಂದಳು. ಆಮೇಲೆ ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಅವಳ ಕೆನ್ನೆ ಬಿಸಿಯೋ ತಂಪೋ ಅವನ ಅಂಗೈಗೆ ಗೊತ್ತಾಗಲಿಲ್ಲ.

ಊರಿನ ಕಾರ್ಖಾನೆ ಮತ್ತೆ ಶುರುವಾಯಿತು. ಬರ್ಫ ಈಗ ಲಾಡಸಾಬ ತರುತ್ತಾನೆ, ದಿನಕ್ಕೆ ಒಂದೇ ಸಲ, ಅಂಗಡಿ ತೆರೆಯುವ ಮುಂಚೆ. ಅದಕ್ಕಿಂತ ಹೆಚ್ಚು ಅವನಿಂದಲೂ ಆಗುವುದಿಲ್ಲ. ಮೊದಲ ದಿನವೇ ಅಂದಪ್ಪ ಹಟ ಹಿಡಿದ.

"ಡಬ್ಬಿಗೆ ಇನ್ನೊಂದು ಬಾಯಿ ಮಾಡು. ಮಗ್ಗದ ಕಡೆ."

"ಲೇ, ಎರಡು ಬಾಯಿ ಮಾಡಿದ್ರ ಗಾಳಿ ಹಂಚಿಹೋಗತೈತಿ, ಬರ್ಫನೂ ಲಗೂನ ತೀರತೈತಿ. ಇಬ್ಬರಿಗೂ ಅರ್ಧಮರ್ಧ."

"ಮಾಡು ಅಂದ್ರ ಮಾಡು."

"ಬ್ಯಾಡ್ರಿ ಅಣ್ಣಾ," ಎಂದಳು ನಾಗರತ್ನಾ ಲಾಡಸಾಬನಿಗೆ. "ಅವರು ಹೇಳ್ತಾರ, ನೀವು ಕೇಳಬ್ಯಾಡ್ರಿ."

ಲಾಡಸಾಬ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ. ಕೊನೆಗೆ ತೂತು ಕೊರೆದ. ಒಂದು ಪೈಪು ಅಂದಪ್ಪನ ಎದೆಗೆ, ಒಂದು ಕುಣಿಯಲ್ಲಿ ಕೂತ ನಾಗರತ್ನಾಳ ಮುಖಕ್ಕೆ. ಲಾಡಸಾಬ ಹೇಳಿದ್ದೇ ಆಯಿತು. ಎರಡರಿಂದಲೂ ಬರುವುದು ಒಂದು ಉಸಿರಿನಷ್ಟು ಗಾಳಿ. ಹನ್ನೊಂದಕ್ಕೆಲ್ಲ ಡಬ್ಬಿಯಲ್ಲಿ ನೀರು ಅಲುಗಲು ಶುರುವಾಗುತ್ತದೆ. ಸಂಜೆಯ ಗಾಳಿ ಬೀಸಲು ಇನ್ನೂ ಆರು ತಾಸು, ಮಳೆಗಾಲಕ್ಕೆ ಇನ್ನೂ ಎರಡು-ಮೂರು ವಾರ.

ನಾಗರತ್ನಾ ಆ ನೀರಿನಲ್ಲಿ ಎರಡು ಅರಿವೆ ಅದ್ದಿ, ಒಂದನ್ನು ಅವನ ತಲೆಗೆ ಸುತ್ತಿ, ಒಂದನ್ನು ತನ್ನ ತಲೆಗೆ ಹಾಕಿಕೊಂಡು ಮಗ್ಗಕ್ಕೆ ಇಳಿಯುತ್ತಾಳೆ. ಲಾಳಿ ನಾಲ್ಕು ಸಲ ಆಚೀಚೆ ಹೋಗಿಬಂದ ಮೇಲೆ ತಲೆ ಎತ್ತಿ ಕೇಳುತ್ತಾಳೆ:

"ತಲಿ ಸಿಡ್ಯಾಕತ್ತೈತೇನ್ರಿ?"

"ಇಲ್ಲ," ಎನ್ನುತ್ತಾನೆ ಅಂದಪ್ಪ. "ನಿನಗ?"

"ನನಗೂ ಏನಿಲ್ರಿ."

ಇಬ್ಬರೂ ಸುಳ್ಳು ಹೇಳುತ್ತಿರುತ್ತಾರೆ. ಇಬ್ಬರಿಗೂ ಅದು ಗೊತ್ತು. ಅವಳು ಮತ್ತೆ ಲಾಳಿ ಎಸೆಯುತ್ತಾಳೆ. ಅವನು ಅವಳ ಹಣೆಯ ಮೇಲೆ ಬೆವರು ಇದೆಯೋ ಇಲ್ಲವೋ ಎಂದು ಕಣ್ಣು ಕೀಳದೆ ನೋಡುತ್ತಾನೆ.